ಹಾಯಿದೋಣಿಯ ಎಂಜಿನ್, ಶಾಫ್ಟಿಗೆ ತುಕ್ಕು: ಕೆರೆಯುವ ಮೊದಲು ನೀರು ಹುಡುಕಿ

ನನ್ನ ದೋಣಿಯ ಶಾಫ್ಟ್ ಕಪ್ಲಿಂಗನ್ನು, ಅಂದರೆ ಪ್ರೊಪೆಲ್ಲರ್ ತಿರುಗಿಸುವ ದಂಡವನ್ನು (ಶಾಫ್ಟ್) ಗೇರ್‌ಬಾಕ್ಸಿಗೆ ಜೋಡಿಸುವ ಭಾಗವನ್ನು, ಮೂರು ಸಲ ಕೆರೆದು, ಮೂರು ಸಲ ಬಣ್ಣ ಬಳಿದಿದ್ದೇನೆ. ಪ್ರತಿ ಸಲವೂ ಎರಡು ತಿಂಗಳೊಳಗೆ ಅದೇ ಜಾಗದಲ್ಲಿ ಅದೇ ಕಿತ್ತಳೆ ಪುಡಿ. ಬಣ್ಣವೇ ಸರಿಯಿಲ್ಲ ಅಂದುಕೊಂಡು ಇನ್ನೂ ದುಬಾರಿ ಬಣ್ಣ ತಂದೆ. ಅದೂ ಎದ್ದು ಬಂತು. ನಾಲ್ಕನೇ ಸಲ ಬ್ರಷ್ ಕೆಳಗಿಟ್ಟು, ಎಂಜಿನ್ ಓಡಿಸಿ, ಟಾರ್ಚ್ ಹಿಡಿದು ಅರ್ಧ ಗಂಟೆ ಸುಮ್ನೆ ಕೂತು ನೋಡಿದೆ. ಕಪ್ಲಿಂಗಿನಿಂದ ಒಂದು ಮೊಳ ಮೇಲೆ, ಎಂಜಿನನ್ನು ತಂಪು ಮಾಡುವ ಕಡಲ ನೀರಿನ ಹೋಸ್ ಪೈಪು ಕಮಾನಾಗಿ ಬಾಗುವ ತುದಿಯಲ್ಲಿ ಒಂದು ಗಾಳಿ ವಾಲ್ವ್ ಇದೆ. ಅದು ಆಗಾಗ ಒಂದೊಂದು ತೊಟ್ಟು ಉಗುಳುತ್ತಿತ್ತು. ಆ ತೊಟ್ಟು ವೈರುಗಳ ಕಟ್ಟಿನ ಮೇಲೆ ಇಳಿದು, ಹರಿದು, ಸರಿಯಾಗಿ ಕಪ್ಲಿಂಗ್ ನೆತ್ತಿಗೇ ಬೀಳುತ್ತಿತ್ತು. ವಾಲ್ವ್ ಬಿಚ್ಚಿ, ಒಳಗೆ ಕಟ್ಟಿದ್ದ ಉಪ್ಪನ್ನು ಬಿಸಿನೀರಲ್ಲಿ ತೊಳೆದು ಹಾಕುವುದಕ್ಕೆ ಹತ್ತು ನಿಮಿಷ ಹಿಡಿಯಿತು.

ಹಾಗಾಗಿ ಇಲ್ಲಿ ಮೊದಲು ನೀರಿನ ಮೂಲ ಹುಡುಕುವ ಮಾತು. ಕೆರೆಯುವುದು, ನೆನೆಸುವುದು, ಬಣ್ಣ ಹಚ್ಚುವುದು ಎಲ್ಲ ಆಮೇಲೆ.

ಒಣಗಿದಂತೆ ಕಂಡರೂ ಒಣಗಿರುವುದಿಲ್ಲ

ಒಂದು ಲೀಟರ್ ಕಡಲ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿಹೋದರೂ ಉಪ್ಪು ಅಲ್ಲೇ ಕೂರುತ್ತದೆ. ಅದರಲ್ಲಿ ಅಡುಗೆ ಉಪ್ಪಿನ ಜೊತೆಗೆ ಮೆಗ್ನೀಷಿಯಮ್ ಕ್ಲೋರೈಡ್ ಕೂಡ ಇರುತ್ತದೆ. ಇದು ಗಾಳಿಯ ತೇವವನ್ನು ಎಳೆದುಕೊಳ್ಳುವುದರಲ್ಲಿ ಎತ್ತಿದ ಕೈ. ಒಂದೇ ಸಲ ಉಪ್ಪುನೀರು ಬಿದ್ದ ಬೋಲ್ಟು, ಕಣ್ಣಿಗೆ ಒಣಗಿದ್ದರೂ, ವಾರಗಟ್ಟಲೆ ಒದ್ದೆಯಾಗೇ ಇರುತ್ತದೆ. ಕ್ಲೋರೈಡ್ ಇರುವ ಒದ್ದೆಯಲ್ಲಿ ಕಬ್ಬಿಣ ಬೇಗ ಕರಗುತ್ತದೆ.

ಇನ್ನೊಂದು ವಿಷಯ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಮೇಲಿನ ಬಣ್ಣ ಉಬ್ಬುವುದು, ನಟ್ಟು ಬೋಲ್ಟಿಗೆ ಕಚ್ಚಿಕೊಳ್ಳುವುದು ಇದರಿಂದಲೇ. ಜೊತೆಗೆ ಅದು ಸ್ಪಂಜಿನ ಹಾಗೆ ತೂತುತೂತು. ಕೆಳಗಿನ ಲೋಹವನ್ನು ಕಾಯುವುದು ಬಿಟ್ಟು ಉಪ್ಪುನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ತುಕ್ಕಿನ ಬಣ್ಣ, ಆಕಾರ ಓದುವುದು

ಬಟ್ಟೆ ಹಿಡಿಯುವ ಮೊದಲು ಫೋನಲ್ಲಿ ನಾಲ್ಕಾರು ಫೋಟೋ ತೆಗೆದಿಡಿ. ಒರೆಸಿದ ಮೇಲೆ ಸಾಕ್ಷಿ ಉಳಿಯುವುದಿಲ್ಲ.

ಕಿತ್ತಳೆ ಬಣ್ಣದ ನಯವಾದ ಪುಡಿ ಅಂದರೆ ತುಕ್ಕು ಹೊಸದು, ಮೇಲ್ಮೈಯಲ್ಲೇ ಇದೆ. ಕಂದುಕಪ್ಪು ಬಣ್ಣದ ಹಕ್ಕಳೆ, ಸುತ್ತಿಗೆಯಿಂದ ತಟ್ಟಿದರೆ ಪದರ ಪದರವಾಗಿ ಬೀಳುವಂಥದ್ದು ಹಳೆಯದು. ಅದರ ಕೆಳಗೆ ಗುಳಿ ಬಿದ್ದಿರುತ್ತದೆ. ಮೇಲಿಂದ ಕೆಳಗೆ ಇಳಿದ ಗೆರೆ ಇದ್ದರೆ ಗೆರೆಯ ತುದಿಗೆ ಹೋಗಿ, ಅಲ್ಲಿಂದ ಇನ್ನೂ ಮೇಲೆ ನೋಡಿ. ಬೀಸಣಿಗೆಯ ಹಾಗೆ ಹರಡಿದ ಚುಕ್ಕೆಗಳಿದ್ದರೆ ತಿರುಗುವ ಭಾಗ ಯಾವುದೋ ನೀರನ್ನು ಎರಚಿದೆ ಎಂದರ್ಥ. ಅದು ಹೆಚ್ಚಾಗಿ ಶಾಫ್ಟ್ ಅಥವಾ ಕಪ್ಲಿಂಗ್. ಬಿಳಿ ಗಟ್ಟಿ ಪದರ ಕಂಡರೆ ಅದು ಒಣಗಿದ ಉಪ್ಪು. ಸೋರುವ ಜಾಗಕ್ಕೆ ಇದಕ್ಕಿಂತ ಒಳ್ಳೆ ಗುರುತಿಲ್ಲ.

ಎಲ್ಲ ಕಂದು ಪುಡಿಗೂ ನೀರೇ ಕಾರಣವಲ್ಲ. ಕಪ್ಲಿಂಗ್ ಬೋಲ್ಟುಗಳ ಸುತ್ತ ಅಥವಾ ಶಾಫ್ಟ್ ಕಪ್ಲಿಂಗಿನೊಳಗೆ ಹೋಗುವ ಜಾಗದಲ್ಲಿ ಕೋಕೋ ಪುಡಿಯ ಹಾಗೆ ಒಣ, ನುಣುಪು ಧೂಳು ಕಂಡರೆ ಎಚ್ಚರ. ಎರಡು ಲೋಹ ಕೂದಲೆಳೆಯಷ್ಟು ಅಲುಗಾಡಿ, ಒಂದನ್ನೊಂದು ಉಜ್ಜಿ ಬಂದ ಪುಡಿ ಅದು. ಬೋಲ್ಟು ಸಡಿಲವಾಗಿದೆ, ಇಲ್ಲವೇ ಶಾಫ್ಟ್ ಕೀ (ಕಪ್ಲಿಂಗಿನೊಳಗೆ ಶಾಫ್ಟ್ ಜಾರದಂತೆ ತಡೆಯುವ ಸಣ್ಣ ಲೋಹದ ತುಂಡು) ಸವೆದಿದೆ. ಇದಕ್ಕೆ ಎಷ್ಟು ತುಕ್ಕು ನಿರೋಧಕ ಹೊಡೆದರೂ ಉಪಯೋಗವಿಲ್ಲ. ಬೆಲ್ಟಿನ ಪುಲ್ಲಿ ಬಳಿ ಕಪ್ಪು ಮಿಶ್ರಿತ ಕಂದು ಧೂಳು ಕಂಡರೆ ಪುಲ್ಲಿಯ ಕಾಲುವೆಯಲ್ಲಿ ತುಕ್ಕು ಹಿಡಿದು, ಅದು ಸ್ಯಾಂಡ್ ಪೇಪರಿನ ಹಾಗೆ ಬೆಲ್ಟನ್ನು ತಿನ್ನುತ್ತಿದೆ ಎಂದು ತಿಳಿಯಿರಿ.

ಕಬ್ಬಿಣವಲ್ಲದ ಲೋಹಗಳೂ ಮಾತಾಡುತ್ತವೆ. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಏಳುತ್ತದೆ. ತಾಮ್ರದ ಟರ್ಮಿನಲ್ ಹಸಿರಾಗುತ್ತದೆ. ಹಿತ್ತಾಳೆಯ ಫಿಟ್ಟಿಂಗ್ ಅಥವಾ ಪ್ರೊಪೆಲ್ಲರ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದರೊಳಗಿನ ಸತು ಕರಗಿ ಹೋಗಿ ಬರೀ ಪೊಳ್ಳು ತಾಮ್ರ ಉಳಿದಿದೆ. ಸೀಕಾಕ್, ಅಂದರೆ ದೋಣಿಯ ಮೈಯಲ್ಲಿ ಕಡಲ ನೀರನ್ನು ತೆರೆಯುವ ಮುಚ್ಚುವ ವಾಲ್ವ್, ಹೀಗೆ ಗುಲಾಬಿಯಾದರೆ ನಾಳೆಗೆ ಬಿಡಬೇಡಿ. ಕೈಯಲ್ಲಿ ತಿರುಗಿಸುವಾಗಲೇ ಮುರಿದು ಬರಬಹುದು.

ಸೋರುವ ಜಾಗ ಹಿಡಿಯುವುದು

ಎಂಜಿನನ್ನು ಎಣ್ಣೆಜಿಡ್ಡು ತೆಗೆಯುವ ದ್ರವ ಹಾಕಿ ಒರೆಸಿ, ಸಿಹಿನೀರಿನಲ್ಲಿ ತೊಳೆಯಿರಿ. ಆಲ್ಟರ್ನೇಟರ್, ಸ್ಟಾರ್ಟರ್, ಗಾಳಿ ಫಿಲ್ಟರಿಗೆ ಪ್ಲಾಸ್ಟಿಕ್ ಸುತ್ತಿಡಿ. ಪೂರ್ತಿ ಒಣಗಿಸಿ. ಅನುಮಾನ ಇರುವ ಜಾಯಿಂಟುಗಳ ಕೆಳಗೆ ಟಿಶ್ಯೂ ಪೇಪರ್ ಕಟ್ಟಿ, ಅಥವಾ ಟಾಲ್ಕಮ್ ಪೌಡರ್ ಉದುರಿಸಿ. ತಿರುಗುವ ಭಾಗದ ಹತ್ತಿರ ಪೇಪರ್ ಬೇಡ. ಆಮೇಲೆ ಮೂರು ಸ್ಥಿತಿಯಲ್ಲಿ ನೋಡಬೇಕು: ಎಂಜಿನ್ ನಿಂತಿದ್ದಾಗ, ಗೇರ್ ಹಾಕದೆ ಓಡುವಾಗ, ಗೇರ್ ಹಾಕಿ ಭಾರ ಬಿದ್ದಾಗ. ಕೊನೆಯದಕ್ಕೆ ದೋಣಿಯನ್ನು ಗಟ್ಟಿಯಾಗಿ ಕಟ್ಟಿರಬೇಕು. ಸಡಿಲ ಬಟ್ಟೆ, ಉದ್ದ ಕೂದಲು, ಉಂಗುರ ಯಾವುದೂ ಶಾಫ್ಟಿನ ಹತ್ತಿರ ಸುಳಿಯಬಾರದು. ಕೈ ತೂರದ ಜಾಗಕ್ಕೆ ಸಣ್ಣ ಕನ್ನಡಿ ಅಥವಾ ಫೋನ್ ಕ್ಯಾಮೆರಾ ಸಾಕು.

ಸಿಕ್ಕ ಹನಿ ಯಾವುದು? ನಾಲಿಗೆಗೆ ಹಚ್ಚಿ ನೋಡುವ ಹಳೆ ಚಾಳಿ ಕೆಲವರಿಗಿದೆ. ಬೇಡವೇ ಬೇಡ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ವಿಷ. ಒಂದು ಹನಿಯನ್ನು ಗಾಜಿನ ಮೇಲೆ ಒಣಗಿಸಿ. ಕಡಲ ನೀರಾದರೆ ಬಿಳಿ ಕಲೆ ಉಳಿಯುತ್ತದೆ. ಕೂಲಂಟಾದರೆ ಬಣ್ಣದ ಅಂಟು. ಮೇಲಿನ ಮುಚ್ಚಳದ ಸಂದಿಯಿಂದ ಇಳಿದ ಮಳೆನೀರಾದರೆ ಹೆಚ್ಚುಕಮ್ಮಿ ಏನೂ ಉಳಿಯುವುದಿಲ್ಲ.

ಕಡಲ ನೀರಿನ ಪಂಪ್

ಎಂಜಿನಿನ ಮುಂಭಾಗದ ಬ್ರಾಕೆಟ್, ಪುಲ್ಲಿ, ಮೌಂಟ್ (ಎಂಜಿನ್ ಕೂರುವ ಕಾಲು) ಇವಿಷ್ಟಕ್ಕೆ ಮಾತ್ರ ತುಕ್ಕು ಹಿಡಿದಿದ್ದರೆ ಮೊದಲ ಅನುಮಾನ ಈ ಪಂಪಿನ ಮೇಲೆ. ಪಂಪಿನ ಕತ್ತಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಒಳಗೆ ನೀರಿನ ಸೀಲ್ ಒಂದು, ಎಣ್ಣೆಯ ಸೀಲ್ ಇನ್ನೊಂದು. ಅವೆರಡರ ನಡುವೆ ಇರುವ ಕಿಂಡಿ ಇದು. ಇಲ್ಲಿಂದ ನೀರು ತೊಟ್ಟಿಕ್ಕಿದರೆ ನೀರಿನ ಸೀಲ್ ಹೋಗಿದೆ. ಎಣ್ಣೆ ಬಂದರೆ ಎಣ್ಣೆ ಸೀಲ್.

ಈ ತೂತಿಗೆ ಎಂ-ಸೀಲ್ ಮೆತ್ತಿ ಗೆದ್ದೆ ಅಂದುಕೊಂಡವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ನೀರಿಗೆ ಉಳಿಯುವ ದಾರಿ ಎಂಜಿನ್ ಎಣ್ಣೆಯ ಕಡೆಗೆ ಮಾತ್ರ. ಪಂಪ್ ಬಿಚ್ಚಿ ಸೀಲ್ ಬದಲಾಯಿಸಿ. ಬಿಚ್ಚಿದಾಗ ಪಂಪಿನ ಪುಟ್ಟ ಶಾಫ್ಟ್ ಮೇಲೆ ಉಗುರಾಡಿಸಿ. ಸೀಲ್ ಕೂರುವಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲ್ ಕೂಡ ನಿಲ್ಲುವುದಿಲ್ಲ. ಶಾಫ್ಟೂ ಹೊಸದು ಬೇಕು.

ಹೋಸ್ ಕ್ಲಿಪ್ಪುಗಳನ್ನು ಈಗಲೇ ನೋಡಿಬಿಡಿ. ಪಟ್ಟಿ ಸ್ಟೇನ್‌ಲೆಸ್ ಇದ್ದು ಸ್ಕ್ರೂ ಮಾತ್ರ ಸಾದಾ ಉಕ್ಕಿನದಾಗಿರುವ ಕ್ಲಿಪ್ಪುಗಳು ಸಿಗುತ್ತವೆ. ಸ್ಕ್ರೂಗೆ ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಅಂಥದ್ದೇ ಇರಬಹುದು.

ಎಕ್ಸಾಸ್ಟ್ ಎಲ್ಬೋ

ಹೊಗೆ ಮತ್ತು ಕಡಲ ನೀರು ಕೂಡುವ ಬಾಗಿದ ಕೊಳವೆ ಇದು. ಬಿಸಿ, ಉಪ್ಪು, ಹೊಗೆಯ ಆಮ್ಲ ಮೂರೂ ಒಂದೇ ಕಡೆ. ದೋಣಿಯ ಎಂಜಿನಿನಲ್ಲಿ ಬೇಗ ಸಾಯುವ ಭಾಗ ಯಾವುದು ಎಂದರೆ ನಾನು ಇದನ್ನೇ ತೋರಿಸುತ್ತೇನೆ. ಬೀಡು ಕಬ್ಬಿಣದ್ದಾದರೆ ಒಳಗಿನಿಂದ ಪದರ ಪದರವಾಗಿ ಕಳಚುತ್ತದೆ. ಸ್ಟೇನ್‌ಲೆಸ್ ಆದರೆ ವೆಲ್ಡಿಂಗ್ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ.

ಹೊರಗೆ ಕಾಣುವ ಲಕ್ಷಣ: ಜೋಡಣೆಯಿಂದ ಕಣ್ಣೀರಿನ ಹಾಗೆ ಇಳಿದ ಕಂದು ಗೆರೆ, ಅದರ ಪಕ್ಕ ಕಪ್ಪು ಮಸಿ. ಒಳಗೆ ಕಟ್ಟಿಕೊಂಡಿದ್ದರೆ ಲಕ್ಷಣ ಬೇರೆ. ಹಿಂಬದಿಯಿಂದ ನೀರು ಕಡಿಮೆ ಬರುತ್ತದೆ, ಬಿಳಿ ಆವಿ ಜಾಸ್ತಿಯಾಗುತ್ತದೆ, ಎಂಜಿನ್ ಪೂರ್ತಿ ವೇಗಕ್ಕೆ ಏರುವುದಿಲ್ಲ. ಬಿಚ್ಚಿ ನೋಡುವುದೊಂದೇ ಖಚಿತ ಪರೀಕ್ಷೆ. ಮಸಿ ಕಟ್ಟಿದ್ದರೆ ಕೆರೆದು ಹಾಕಬಹುದು. ಗೋಡೆ ತೆಳುವಾಗಿದ್ದರೆ ಹೊಸದು ಹಾಕಿ. ಬಣ್ಣ ಬಳಿದು, ಪೇಸ್ಟ್ ಮೆತ್ತಿ ಕಾಲ ದೂಡುವ ಜಾಗ ಇದಲ್ಲ. ಇಲ್ಲಿ ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಜನ ಮಲಗುವ ಕ್ಯಾಬಿನ್ನಿಗೆ ಹೋಗುತ್ತದೆ.

ಎಲ್ಬೋ ಅಥವಾ ಗಾಳಿ ವಾಲ್ವ್ ಕೆಟ್ಟರೆ ಕಡಲ ನೀರು ಹಿಂದಕ್ಕೆ ಹರಿದು ಸಿಲಿಂಡರಿಗೂ ಇಳಿಯಬಹುದು. ಸ್ಟಾರ್ಟ್ ಆಗದ ಎಂಜಿನನ್ನು ಮತ್ತೆ ಮತ್ತೆ ಕ್ರ್ಯಾಂಕ್ ಮಾಡಿದಾಗಲೂ ಇದೇ ಆಗುತ್ತದೆ. ಪಂಪ್ ನೀರು ಎತ್ತುತ್ತಲೇ ಇರುತ್ತದೆ, ಅದನ್ನು ಹೊರಗೆ ತಳ್ಳುವ ಹೊಗೆ ಇರುವುದಿಲ್ಲ. ಅಂಥ ಹೊತ್ತಲ್ಲಿ ಸೀಕಾಕ್ ಮುಚ್ಚಿ ಕ್ರ್ಯಾಂಕ್ ಮಾಡಿ, ಎಂಜಿನ್ ಹತ್ತಿದ ಕ್ಷಣ ತೆರೆಯಿರಿ. ಎಂಜಿನ್ ಎಣ್ಣೆ ಹಾಲುಬೆರೆಸಿದ ಕಾಫಿಯ ಹಾಗೆ ಕಂಡರೆ, ಸ್ಟಾರ್ಟರ್ ಟಕ್ ಎಂದು ನಿಂತುಬಿಟ್ಟರೆ, ಮತ್ತೆ ಕೀಲಿ ತಿರುಗಿಸಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜೆಕ್ಟರ್ ತೆಗೆದು, ಆ ತೂತುಗಳ ಮೂಲಕ ನೀರು ಹೊರಹಾಕಿ, ಎಣ್ಣೆ ಬದಲಾಯಿಸಿ, ಅದೇ ದಿನ ಎಂಜಿನ್ ಓಡಿಸಬೇಕು. ಆಮೇಲೆ ಎಣ್ಣೆಯಲ್ಲಿ ನೀರಿನ ಕುರುಹು ಹೋಗುವವರೆಗೆ ಮತ್ತೆ ಮತ್ತೆ ಬದಲಾಯಿಸಬೇಕು. ಪಿಸ್ಟನ್ ರಿಂಗ್ ತುಕ್ಕು ಹಿಡಿಯುವುದಕ್ಕೆ ವಾರ ಬೇಕಿಲ್ಲ, ಒಂದೆರಡು ದಿನ ಸಾಕು.

ತಳಭಾಗ, ಕೂಲಂಟ್, ಡೀಸೆಲ್

ಆಯಿಲ್ ಸಂಪಿನ (ಎಂಜಿನ್ ಎಣ್ಣೆ ನಿಲ್ಲುವ ತಳದ ತೊಟ್ಟಿ) ತಳಕ್ಕೆ ತುಕ್ಕು ಹಿಡಿದಿದ್ದರೆ ಬಿಲ್ಜ್, ಅಂದರೆ ದೋಣಿಯ ಒಳತಳದಲ್ಲಿ ನಿಲ್ಲುವ ನೀರಿನ ಮಟ್ಟ ನೋಡಿ. ದೋಣಿ ವಾಲಿದಾಗ ಆ ನೀರು ಸಂಪಿಗೆ ತಾಗುತ್ತದೆ. ತೆಳು ತಗಡಿನ ಸಂಪಾದರೆ ಒಂದು ದಿನ ತೂತು ಬಿದ್ದು ಎಣ್ಣೆಯೆಲ್ಲ ಬಿಲ್ಜಿಗೆ ಸುರಿಯುತ್ತದೆ. ಎಂಜಿನ್ ಇದ್ದಲ್ಲೇ ಇದ್ದರೆ ಅಲ್ಲಿಗೆ ಕೈ ಹೋಗುವುದಿಲ್ಲ. ಹಾಗಾಗಿ ಯಾವ ಕಾರಣಕ್ಕಾದರೂ ಎಂಜಿನ್ ಎತ್ತಿದ ದಿನ ಸಂಪಿಗೆ ಬಣ್ಣ ಹಚ್ಚದೆ ಮತ್ತೆ ಇಳಿಸಬೇಡಿ.

ಕೂಲಂಟ್ ಕಂದಾಗಿದ್ದರೆ ಅದರ ತುಕ್ಕು ನಿರೋಧಕ ಸತ್ತಿದೆ. ತೆಗೆದು, ತೊಳೆದು, ಎಂಜಿನಿನ ಕೈಪಿಡಿಯಲ್ಲಿ ಹೇಳಿದ ಬಗೆಯ ಹೊಸ ಕೂಲಂಟ್ ತುಂಬಿ. ಡೀಸೆಲ್ ಫಿಲ್ಟರಿನ ತಳದ ಬಟ್ಟಲಲ್ಲಿ ನೀರು ಕಂಡರೆ ಆಗಲೇ ಬಸಿಯಿರಿ. ಇಂಜೆಕ್ಷನ್ ಪಂಪಿನೊಳಗಿನ ತುಕ್ಕಿಗೆ ಮನೆಮದ್ದಿಲ್ಲ.

ಶಾಫ್ಟ್: ಕಾಣದ ಜಾಗದ ಕಾಯಿಲೆ

ಗೇರ್‌ಬಾಕ್ಸಿನ ಹಿಂಭಾಗ, ಕಪ್ಲಿಂಗ್, ಹಿಂದಿನ ಮೌಂಟುಗಳು ಕಂದಾಗಿದ್ದರೆ ಸ್ಟಫಿಂಗ್ ಬಾಕ್ಸ್ (ಶಾಫ್ಟ್ ದೋಣಿಯಿಂದ ಹೊರಹೋಗುವಲ್ಲಿ ನೀರು ಒಳಬರದಂತೆ ತಡೆಯುವ ಭಾಗ) ನೋಡಿ. ಹಳೆ ಕಾಲದ ಹಗ್ಗದ ಪ್ಯಾಕಿಂಗ್ ಇರುವ ಬಾಕ್ಸು ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಬಿಡಲೇಬೇಕು. ಪ್ಯಾಕಿಂಗನ್ನು ತಂಪಾಗಿ ಇಡುವುದು ಆ ನೀರೇ. ನಿಂತಾಗ ಹನಿ ನಿಲ್ಲಬೇಕು, ಇಲ್ಲವೇ ತೀರ ಅಪರೂಪವಾಗಬೇಕು. ಧಾರೆಯಾಗಿ ಬಂದರೆ ನಟ್ಟನ್ನು ಕಾಲು ಸುತ್ತಿಗಿಂತ ಕಡಿಮೆ ಬಿಗಿ ಮಾಡಿ, ಓಡಿಸಿ, ಮತ್ತೆ ನೋಡಿ. ಎಂಜಿನ್ ನಿಲ್ಲಿಸಿ ಬಾಕ್ಸ್ ಮುಟ್ಟಿದರೆ ಕೈ ಸುಡುವಂತಿರಬಾರದು. ಸುಡುತ್ತಿದ್ದರೆ ಬಿಗಿ ಜಾಸ್ತಿಯಾಗಿದೆ, ಪ್ಯಾಕಿಂಗ್ ಶಾಫ್ಟನ್ನೇ ಕೊರೆಯುತ್ತಿದೆ.

ಎಷ್ಟು ಬಿಗಿ ಮಾಡಿದರೂ ನೀರು ನಿಲ್ಲದಿದ್ದರೆ ಪ್ಯಾಕಿಂಗ್ ಗಟ್ಟಿಯಾಗಿದೆ, ಅಥವಾ ಶಾಫ್ಟ್ ಮೇಲೆ ಗುಳಿ ಬಿದ್ದಿದೆ. ಪ್ಯಾಕಿಂಗ್ ಬದಲಾಯಿಸುವಾಗ ಉಂಗುರಗಳ ಸೇರಿಕೆಗಳು ಒಂದರ ಮೇಲೊಂದು ಬರದಂತೆ ತಿರುಗಿಸಿ ಕೂರಿಸಿ. ಮೊದಲ ಸಲ ಮಾಡುವವರು ದೋಣಿ ದಡದ ಮೇಲಿದ್ದಾಗಲೇ ಮಾಡುವುದು ಒಳ್ಳೆಯದು. ಗ್ರ್ಯಾಫೈಟ್ ತುಂಬಿದ ಪ್ಯಾಕಿಂಗ್, ಗ್ರ್ಯಾಫೈಟ್ ಗ್ರೀಸ್ ಎರಡೂ ಬೇಡ. ಗ್ರ್ಯಾಫೈಟ್ ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ಜೊತೆ ಸೇರಿ ಪುಟ್ಟ ಬ್ಯಾಟರಿಯಾಗುತ್ತದೆ, ಸವೆಯುವುದು ಶಾಫ್ಟ್.

ಹೊಸ ಪ್ಯಾಕಿಂಗ್ ಹಾಕಿದರೂ ಕೆಲವು ಹನಿ ಬರುವುದು ಸಹಜ. ಅದನ್ನು ಎರಚದಂತೆ ತಡೆಯಲು ಬಾಕ್ಸ್ ಮತ್ತು ಕಪ್ಲಿಂಗಿನ ನಡುವೆ ಶಾಫ್ಟಿಗೆ ತಾಗದ ಹಾಗೆ ಒಂದು ಅಡ್ಡ ತಗಡು ಅಥವಾ ರಬ್ಬರ್ ಹಾಳೆ ನಿಲ್ಲಿಸಿ. ಇಷ್ಟು ಸಣ್ಣ ಉಪಾಯಕ್ಕೆ ಗೇರ್‌ಬಾಕ್ಸಿನ ಬಣ್ಣ ವರ್ಷಗಟ್ಟಲೆ ಉಳಿಯುತ್ತದೆ.

‘ಶಾಫ್ಟ್ ಸ್ಟೇನ್‌ಲೆಸ್ ಅಲ್ವಾ, ಅದಕ್ಕೇನು ತುಕ್ಕು?’ ಎಂದು ಕೇಳುತ್ತಾರೆ. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ಪೊರೆ. ಕಣ್ಣಿಗೆ ಕಾಣದಷ್ಟು ತೆಳು. ಗೀಚಿದರೂ ಆಮ್ಲಜನಕ ಇದ್ದರೆ ತಾನಾಗಿ ಬೆಳೆದುಕೊಳ್ಳುತ್ತದೆ. ಆಮ್ಲಜನಕ ಸಿಗದ ಜಾಗದಲ್ಲಿ ಪೊರೆ ಸತ್ತುಹೋಗುತ್ತದೆ. ಸ್ಟರ್ನ್ ಟ್ಯೂಬಿನೊಳಗೆ (ಶಾಫ್ಟ್ ದೋಣಿಯ ಮೈ ದಾಟುವ ಕೊಳವೆ) ತಿಂಗಳುಗಟ್ಟಲೆ ನಿಂತ ನೀರು, ಪ್ಯಾಕಿಂಗ್ ಕೆಳಗೆ, ಹೊರಗಿನ ರಬ್ಬರ್ ಬೇರಿಂಗಿನೊಳಗೆ, ಚಿಪ್ಪುಹುಳ ಅಂಟಿದ ಜಾಗ: ಎಲ್ಲ ಅಂಥವೇ. ಅಲ್ಲಿ ಸೂಜಿಯಿಂದ ಚುಚ್ಚಿದಂಥ ಗುಳಿ ಶುರುವಾಗಿ ಒಳಗೊಳಗೇ ಅಗಲವಾಗುತ್ತದೆ. ಹೊರಗೆ ಕಾಣುವ ಶಾಫ್ಟ್ ಫಳಫಳ ಹೊಳೆಯುತ್ತಿರುತ್ತದೆ. 304 ದರ್ಜೆಗಿಂತ 316 ಮೇಲು, ಅದರಲ್ಲಿ ಶೇಕಡಾ 2ರಿಂದ 3 ಮಾಲಿಬ್ಡಿನಮ್ ಇರುತ್ತದೆ. ಆದರೆ ನಿಂತ ನೀರಿನ ಮುಂದೆ ಅದೂ ಸೋಲುತ್ತದೆ.

ಹೀಗಾಗಿ ಕಡಲಲ್ಲಿ ಓಡಾಡುವ ದೋಣಿಯ ಶಾಫ್ಟಿಗಿಂತ ಕಟ್ಟಿಹಾಕಿದ ದೋಣಿಯ ಶಾಫ್ಟ್ ಬೇಗ ಹಾಳಾಗುತ್ತದೆ. ವಾರಕ್ಕೊಮ್ಮೆ ಹೋಗಿ, ಎಂಜಿನ್ ಬಿಸಿಯಾಗುವ ತನಕ ಗೇರಿನಲ್ಲಿ ಓಡಿಸಿದರೆ ಒಳಗಿನ ನೀರು ಬದಲಾಗುತ್ತದೆ.

ದೋಣಿ ಮೇಲೆತ್ತಿದಾಗ ಸ್ಟಫಿಂಗ್ ಬಾಕ್ಸನ್ನು ಶಾಫ್ಟಿನುದ್ದಕ್ಕೆ ಎಂಜಿನ್ ಕಡೆಗೆ ಸರಿಸಿ, ಪ್ಯಾಕಿಂಗ್ ಕೂರುತ್ತಿದ್ದ ಜಾಗವನ್ನು ಬೆರಳಲ್ಲಿ ತಡವಿ ನೋಡಿ. ಬೆರಳಿಗೆ ಸಿಗದ ಕಲೆಯಾದರೆ ನುಣುಪಾದ ಎಮರಿ ಪೇಪರಿನಲ್ಲಿ ಸುತ್ತ ಉಜ್ಜಿ ಹೊಳಪು ಕೊಡಬಹುದು. ಉಗುರು ಸಿಕ್ಕಿಕೊಂಡರೆ ಶಾಫ್ಟನ್ನು ಹೊರಗೆಳೆದು ಪೂರ್ತಿ ನೋಡಬೇಕು. ಕೀ ಕೂರುವ ಕಾಲುವೆಯ ಕೊನೆಯಲ್ಲಿ, ಪ್ರೊಪೆಲ್ಲರ್ ಕೂರುವ ಓರೆ ಭಾಗದಲ್ಲಿ ಕೂದಲಿನಂಥ ಬಿರುಕು ಇದೆಯಾ ಎಂದು ಹುಡುಕಿ. ಬಿರುಕು ಕಂಡರೆ ಶಾಫ್ಟ್ ಗುಜರಿಗೆ. ವೆಲ್ಡ್ ಮಾಡಿಸುವ ಆಸೆ ಬಿಡಿ.

ಸತು ಸವೆಯುತ್ತಿದೆಯೇ?

ಶಾಫ್ಟ್ ಮೇಲಿನ ಸತುವಿನ ಬಿಲ್ಲೆ, ಅಂದರೆ ಆನೋಡ್, ಬೇರೆ ಲೋಹಗಳ ಬದಲು ತಾನು ಕರಗುವುದಕ್ಕೇ ಇರುವುದು. ಅರ್ಧ ಸವೆದಾಗ ಬದಲಾಯಿಸಿ. ವರ್ಷ ಕಳೆದರೂ ಹೊಸದರ ಹಾಗೆ ಇದ್ದರೆ ಖುಷಿಪಡಬೇಡಿ. ಅದು ಕೆಲಸವನ್ನೇ ಮಾಡುತ್ತಿಲ್ಲ. ಶಾಫ್ಟ್ ಕೊಳೆಯಾಗಿದ್ದಾಗ ಹಾಕಿರಬೇಕು, ಅಥವಾ ಯಾರೋ ಅದಕ್ಕೂ ಬಣ್ಣ ಬಳಿದಿರಬೇಕು. ಲೋಹಕ್ಕೆ ಲೋಹ ತಾಗಿದರೆ ಮಾತ್ರ ಸತು ಕಾಯುತ್ತದೆ. ಸತು ಉಪ್ಪುನೀರಿಗೆ, ಮೆಗ್ನೀಷಿಯಮ್ ಸಿಹಿನೀರಿಗೆ, ಅಲ್ಯೂಮಿನಿಯಂ ಮಿಶ್ರಲೋಹದ್ದು ಉಪ್ಪುನೀರಿಗೂ ನದಿ ಕಡಲು ಸೇರುವಲ್ಲಿನ ಅರೆ ಉಪ್ಪುನೀರಿಗೂ. ಕಪ್ಲಿಂಗ್ ನಡುವೆ ರಬ್ಬರ್ ಇದ್ದರೆ ಶಾಫ್ಟ್ ಮತ್ತು ಎಂಜಿನಿನ ನಡುವೆ ವಿದ್ಯುತ್ ಸಂಪರ್ಕ ಇರುವುದಿಲ್ಲ ಎಂಬುದು ನೆನಪಿರಲಿ. ಅನೇಕ ಎಂಜಿನುಗಳ ಒಳಗೂ, ಕಡಲ ನೀರು ಕೂಲಂಟನ್ನು ತಂಪು ಮಾಡುವ ಹೀಟ್ ಎಕ್ಸ್‌ಚೇಂಜರಿನಲ್ಲಿ, ಪೆನ್ಸಿಲ್ ಆಕಾರದ ಒಂದು ಸತು ಇರುತ್ತದೆ. ಅದನ್ನು ಮರೆಯುವವರೇ ಜಾಸ್ತಿ.

ಇದ್ದಕ್ಕಿದ್ದಂತೆ ಕೆಲವೇ ವಾರದಲ್ಲಿ ಸತು ಮಾಯವಾದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಮೊದಲ ಕಳ್ಳ ಬಿಲ್ಜ್ ಪಂಪಿನ ವೈರ್ ಜಾಯಿಂಟ್. ಅದು ನೀರಲ್ಲಿ ಮುಳುಗಿ ಕೂತಿರುತ್ತದೆ. ಎಲ್ಲ ಸ್ವಿಚ್ ಆರಿಸಿ, ಬ್ಯಾಟರಿಯ ಪಾಸಿಟಿವ್ ಕೇಬಲ್ ಬಿಚ್ಚಿ, ಕೇಬಲಿಗೂ ಟರ್ಮಿನಲಿಗೂ ನಡುವೆ ಮಲ್ಟಿಮೀಟರನ್ನು ಆಂಪಿಯರಿಗೆ ಇಟ್ಟು ಸೇರಿಸಿ. ಕರೆಂಟ್ ತೋರಿಸಿದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ ಮುಳ್ಳು ಇಳಿಯಿತೋ ಅದೇ ದಾರಿ. ದಡದ ಕರೆಂಟಿಗೆ ಸಿಕ್ಕಿಸಿದಾಗ ಮಾತ್ರ ಸತು ಬೇಗ ಕರಗಿದರೆ ಅರ್ಥಿಂಗ್ ವೈರಿನ ಮೂಲಕ ನಿಮ್ಮ ಸತು ಪಕ್ಕದ ದೋಣಿಗಳನ್ನೂ ಕಾಯುತ್ತಿದೆ. ಆ ವೈರಿನಲ್ಲಿ ಹರಿಯುವ ಈ ಸಣ್ಣ ಕರೆಂಟನ್ನು ತಡೆಯುವ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿಸಬೇಕು. ಆ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನಿಗೆ ಬಿಡಿ. ಅರ್ಥಿಂಗ್ ಕತ್ತರಿಸಿ ಸುಲಭ ಮಾಡಿಕೊಳ್ಳುವುದು ಪ್ರಾಣಕ್ಕೆ ಅಪಾಯ.

ಈಗ ಕೆರೆಯೋಣ

ಸೋರುವುದು ನಿಂತಿದೆ. ಮೊದಲ ಔಷಧ ಸಿಹಿನೀರು. ಉಪ್ಪು ಉಳಿದ ಜಾಗಕ್ಕೆ ಏನು ಬಳಿದರೂ ಕೆಳಗಿನಿಂದ ಗುಳ್ಳೆ ಏಳುತ್ತದೆ. ಬೆಚ್ಚಗಿನ ನೀರು, ಗಟ್ಟಿ ಬ್ರಷ್ ಹಿಡಿದು ತೊಳೆಯಿರಿ. ಹಕ್ಕಳೆ ಕೆರೆದ ಮೇಲೆ ಇನ್ನೊಂದು ಸಲ ತೊಳೆಯಿರಿ. ಗುಳಿಗಳ ತಳದಲ್ಲಿ ಉಪ್ಪು ಅಡಗಿರುತ್ತದೆ.

ಕಬ್ಬಿಣಕ್ಕೆ ಕಬ್ಬಿಣದ ತಂತಿ ಬ್ರಷ್ ಆಗುತ್ತದೆ. ಅದೇ ಬ್ರಷ್ ಸ್ಟೇನ್‌ಲೆಸ್ ಮೇಲೆ ಆಡಬಾರದು. ಕಬ್ಬಿಣದ ಕಣ ಮೈಗೆ ಹತ್ತಿಕೊಂಡು, ನಾಲ್ಕು ದಿನದಲ್ಲಿ ಶಾಫ್ಟೇ ತುಕ್ಕು ಹಿಡಿದಂತೆ ಕಾಣುತ್ತದೆ. ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ. ಪುಡಿ ಎಂಜಿನಿನ ಗಾಳಿ ದಾರಿಗೆ ಹೋಗದಂತೆ ಬಟ್ಟೆ ಕಟ್ಟಿ.

ಬಿಚ್ಚಿ ತೆಗೆಯಬಹುದಾದ ಬ್ರಾಕೆಟ್, ಬೋಲ್ಟು, ಪುಲ್ಲಿಗಳಿಗೆ ನನ್ನ ಆಯ್ಕೆ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು. ಲೀಟರ್ ಬೆಚ್ಚಗಿನ ನೀರಿಗೆ 50ರಿಂದ 100 ಗ್ರಾಂ. ಜಿಡ್ಡು ತೆಗೆದು ಮುಳುಗಿಸಿ, ಒಂದೆರಡು ಗಂಟೆಗೊಮ್ಮೆ ಉಜ್ಜಿ ನೋಡಿ. ಮರೆತು ಎರಡು ದಿನ ಬಿಟ್ಟರೆ ಒಳ್ಳೆ ಲೋಹವನ್ನೂ ತಿನ್ನುತ್ತದೆ. ತೆಗೆದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ಅದ್ದಿ, ತೊಳೆದು, ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಿ ಎಣ್ಣೆ ಸವರಿ. ತಡ ಮಾಡಿದರೆ ಕಣ್ಣೆದುರೇ ಹಳದಿ ತುಕ್ಕು ಹತ್ತುತ್ತದೆ. ಅಲ್ಯೂಮಿನಿಯಂ, ಸತು ಲೇಪಿಸಿದ ಭಾಗ, ಸ್ಪ್ರಿಂಗ್, ಗಡಸು ಬೋಲ್ಟುಗಳನ್ನು ಆಮ್ಲಕ್ಕೆ ಹಾಕಬೇಡಿ. ಗಡಸು ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಅದು ಪೆಡಸಾಗುತ್ತದೆ, ಬಿಗಿ ಮಾಡುವಾಗ ಪಟ್ ಎಂದು ಮುರಿಯುತ್ತದೆ. ಬಚ್ಚಲು ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲ ದೋಣಿಯ ಹತ್ತಿರವೂ ಬೇಡ. ಅದರ ಆವಿಗೇ ಪಕ್ಕದ ಉಪಕರಣಗಳೆಲ್ಲ ತುಕ್ಕು ಹಿಡಿಯುತ್ತವೆ.

ವಾಷಿಂಗ್ ಸೋಡಾ ನೀರಿನಲ್ಲಿ 12 ವೋಲ್ಟಿನ ಚಾರ್ಜರ್ ಹಿಡಿದು ಮಾಡುವ ವಿಧಾನವೂ ಇದೆ. ತುಕ್ಕಿನ ಭಾಗ ನೆಗೆಟಿವ್ ಕಡೆ, ಬೇಡವಾದ ಕಬ್ಬಿಣದ ತುಂಡು ಪಾಸಿಟಿವ್ ಕಡೆ. ಬೀಡಿನ ದಪ್ಪ ಭಾಗಗಳಿಗೆ ಚೆನ್ನ. ಆದರೆ ಹೈಡ್ರೋಜನ್ ಅನಿಲ ಬರುವುದರಿಂದ ಬಯಲಲ್ಲೇ ಮಾಡಬೇಕು. ಪಾಸಿಟಿವ್ ಕಡೆ ಸ್ಟೇನ್‌ಲೆಸ್ ಇಡಬಾರದು, ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ.

ಬಿಚ್ಚಲಾಗದ ಜಾಗಕ್ಕೆ ತುಕ್ಕು ಪರಿವರ್ತಕ. ಫಾಸ್ಫಾರಿಕ್ ಆಮ್ಲದ್ದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಮಾಡುತ್ತದೆ, ಟ್ಯಾನಿನ್ ಇರುವುದು ಕಪ್ಪಾಗಿಸುತ್ತದೆ. ಸಡಿಲ ತುಕ್ಕು ತೆಗೆದ ಮೇಲೆ ಉಳಿದ ತೆಳು ಪದರಕ್ಕೆ ಮಾತ್ರ ಇದು. ಶಾಫ್ಟ್ ಕೂರುವ ಕಪ್ಲಿಂಗಿನ ತೂತು, ಮಿಷಿನ್ ಮಾಡಿದ ಮುಖಗಳಿಗೆ ಹಚ್ಚಬೇಡಿ. ಅಳತೆ ಕೆಡುತ್ತದೆ.

ಕಚ್ಚಿಕೊಂಡ ಬೋಲ್ಟು, ಬಿಡದ ಕಪ್ಲಿಂಗ್

ಇಲ್ಲಿ ಬೇಕಾಗಿರುವುದು ತಾಳ್ಮೆ. ಸಂಜೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸುತ್ತಿಗೆಯಿಂದ ಬೋಲ್ಟಿನ ತಲೆಗೆ ಹತ್ತು ಸಲ ತಟ್ಟಿ, ಮನೆಗೆ ಹೋಗಿ. ಮರುದಿನ ಮತ್ತೆ. ಮೊದಲು ಕೂದಲೆಳೆಯಷ್ಟು ಬಿಗಿಯ ಕಡೆಗೇ ತಿರುಗಿಸಿ, ಆಮೇಲೆ ಸಡಿಲದ ಕಡೆಗೆ. ಕೊಂಚ ಬಿಟ್ಟರೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ. ಹೀಟ್ ಗನ್ ಕೆಲಸ ಮಾಡುತ್ತದೆ, ಆದರೆ ಈ ಎಣ್ಣೆಗಳು ಹತ್ತಿಕೊಂಡು ಉರಿಯುತ್ತವೆ. ಮೊದಲು ಒರೆಸಿ. ಅಡುಗೆ ಗ್ಯಾಸ್, ಪೆಟ್ರೋಲ್ ಆವಿ ಬಿಲ್ಜಿನಲ್ಲಿ ಕೂತಿರಬಹುದಾದ ದೋಣಿಯಲ್ಲಿ ಬೆಂಕಿಯ ಮಾತೇ ಬೇಡ.

ಕಪ್ಲಿಂಗಿಗೆ ಸುತ್ತಿಗೆ ಬೀಸಿದರೆ ಆ ಪೆಟ್ಟು ಗೇರ್‌ಬಾಕ್ಸಿನ ಬೇರಿಂಗಿಗೆ ಹೋಗುತ್ತದೆ. ಬದಲಿಗೆ ಶಾಫ್ಟಿನ ಸೆಟ್ ಸ್ಕ್ರೂ, ಪಿನ್ ಎಲ್ಲ ತೆಗೆಯಿರಿ. ಕಪ್ಲಿಂಗಿನ ಎರಡು ಭಾಗ ಬಿಡಿಸಿ, ನಡುವೆ ಶಾಫ್ಟಿಗಿಂತ ಸಣ್ಣ ವ್ಯಾಸದ ಹಳೆ ಸಾಕೆಟ್ ಒಂದನ್ನು ಶಾಫ್ಟಿನ ತುದಿಗೆ ಒತ್ತಿ ಇಡಿ. ಉದ್ದ ಬೋಲ್ಟುಗಳನ್ನು ಹಾಕಿ ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಸಾಕೆಟ್ ಶಾಫ್ಟನ್ನು ಹಿಂದಕ್ಕೆ ತಳ್ಳುತ್ತದೆ. ದೋಣಿ ನೀರಲ್ಲಿದ್ದರೆ ಮೊದಲೇ ಶಾಫ್ಟಿಗೆ ಒಂದು ಕ್ಲಾಂಪ್ ಬಿಗಿದಿಡಿ. ಶಾಫ್ಟ್ ಜಾರಿ ಹೊರಗೆ ಹೋದರೆ ಆ ತೂತಿನಿಂದ ಕಡಲು ಒಳಗೆ ಬರುತ್ತದೆ.

ಮತ್ತೆ ಜೋಡಿಸುವಾಗ ಎರಡು ಮುಖಗಳ ಸಂದಿಯನ್ನು ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ತಗಡುಗಳ ಕಟ್ಟು) ಸುತ್ತಲೂ ಅಳೆಯಿರಿ. 100 ಮಿ.ಮೀ. ವ್ಯಾಸದ ಕಪ್ಲಿಂಗಿಗೆ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ದಡದ ಮೇಲೆ ಅಳೆದದ್ದು ಲೆಕ್ಕಕ್ಕಿಲ್ಲ. ದೋಣಿ ನೀರಿಗಿಳಿದು ಒಂದೆರಡು ದಿನ ಕಳೆದು ಅದರ ಮೈ ಕೂತ ಮೇಲೆ ಅಳೆಯಿರಿ.

ಬಣ್ಣ, ಮೇಣ, ಎಣ್ಣೆ

ಬರಿ ಲೋಹ ಕಂಡ ಅದೇ ದಿನ ಪ್ರೈಮರ್ ಹಚ್ಚಿ. ಸತುವಿನ ಫಾಸ್ಫೇಟ್ ಇರುವ ಪ್ರೈಮರ್, ಮೇಲೆ ಎರಡು ಕೋಟ್ ಎಂಜಿನ್ ಬಣ್ಣ. ಎಕ್ಸಾಸ್ಟ್ ಭಾಗಕ್ಕೆ ಮಾತ್ರ ಬಿಸಿ ತಡೆಯುವ ಸಿಲಿಕೋನ್ ಬಣ್ಣ ಬೇಕು. ಬಿಳಿ ಅಥವಾ ತಿಳಿ ಬೂದಿ ಬಣ್ಣವನ್ನೇ ಆರಿಸಿ. ಕಡುಬಣ್ಣದ ಎಂಜಿನಿನಲ್ಲಿ ಹನಿ ಕಾಣುವುದಿಲ್ಲ, ಬಿಳಿಯ ಮೇಲೆ ಮೊದಲ ದಿನವೇ ಕಾಣುತ್ತದೆ.

ಬೋಲ್ಟುಗಳ ಮರೆಗೆ (ಥ್ರೆಡ್), ಕಚ್ಚಿಕೊಳ್ಳದಂತೆ, ಆಂಟಿ-ಸೀಜ್ ಪೇಸ್ಟ್ ಸವರಿ. ಗ್ರ್ಯಾಫೈಟ್ ಇಲ್ಲದ್ದು ನೋಡಿ ತನ್ನಿ. ಕಪ್ಲಿಂಗ್, ಬೋಲ್ಟಿನ ತಲೆ, ಬ್ರಾಕೆಟುಗಳಿಗೆ ಮೇಣದ ಅಥವಾ ಲ್ಯಾನೋಲಿನ್, ಅಂದರೆ ಕುರಿಯ ಉಣ್ಣೆಯ ಜಿಡ್ಡಿನ, ಸ್ಪ್ರೇ ಹೊಡೆಯಿರಿ. ಬೆಲ್ಟು, ಮೌಂಟಿನ ರಬ್ಬರ್, ಆಲ್ಟರ್ನೇಟರಿನ ಒಳಭಾಗ, ಬಿಸಿ ಎಕ್ಸಾಸ್ಟ್ ಇವುಗಳಿಗೆ ತಾಗಬಾರದು. ಈ ಪದರ ಶಾಶ್ವತವಲ್ಲ. ಬೆರಳಿಗೆ ಜಿಡ್ಡು ಹತ್ತುವುದು ನಿಂತಿತೆಂದರೆ ಮತ್ತೆ ಹೊಡೆಯುವ ಸಮಯ.

ತಿಂಗಳುಗಟ್ಟಲೆ ನಿಲ್ಲಿಸುವಾಗ

ಕಡಲ ನೀರಿನ ದಾರಿಗೆ ಸಿಹಿನೀರು ಹರಿಸಿ ತೊಳೆಯಿರಿ. ಬಕೆಟಿನಿಂದ ಪಂಪೇ ಎಳೆದುಕೊಳ್ಳುವಂತೆ ಮಾಡಿ. ನಲ್ಲಿಯ ಪೈಪನ್ನು ನೇರವಾಗಿ ಸಿಕ್ಕಿಸಿದರೆ ಒತ್ತಡಕ್ಕೆ ನೀರು ಸಿಲಿಂಡರಿಗೆ ನುಗ್ಗಬಹುದು. ಹಳೆ ಎಣ್ಣೆಯಲ್ಲಿ ಆಮ್ಲ ಸೇರಿರುತ್ತದೆ, ಆದ್ದರಿಂದ ನಿಲ್ಲಿಸುವ ಮೊದಲೇ ಎಣ್ಣೆ ಬದಲಾಯಿಸಿ. ನೀರು ಹೆಪ್ಪುಗಟ್ಟುವ ಚಳಿಯ ಊರಾದರೆ ಕಡಲ ನೀರಿನ ದಾರಿಗೆ ಆಂಟಿಫ್ರೀಜ್ ತುಂಬಿ. ಬಿಲ್ಜ್ ಒಣಗಿಸಿ. ಎಂಜಿನ್ ಕೋಣೆಗೆ ಗಾಳಿಯಾಡಲಿ.

ಮಧ್ಯೆ ಮಧ್ಯೆ ಬಂದು ಐದು ನಿಮಿಷ ಓಡಿಸಿ ಹೋಗುವುದು ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಒಳಗೆ ಆವಿ ನೀರಾಗಿ ಕೂರುತ್ತದೆ. ಓಡಿಸಿದರೆ ಗೇರ್ ಹಾಕಿ ಅರ್ಧ ಗಂಟೆ ಓಡಿಸಿ, ಇಲ್ಲವೇ ಮುಟ್ಟದೆ ಬಿಡಿ. ಮುಟ್ಟದೆ ಬಿಡುವುದಾದರೆ ಗಾಳಿ ಒಳಹೋಗುವ ಬಾಯಿಗೆ ಎಣ್ಣೆ ಸವರಿದ ಬಟ್ಟೆ ತುರುಕಿ, ಎಕ್ಸಾಸ್ಟ್ ಬಾಯಿ ಮುಚ್ಚಿ, ಸೀಕಾಕ್ ಮುಚ್ಚಿ. ಏನೇನು ಮುಚ್ಚಿದ್ದೀರಿ ಎಂದು ಒಂದು ಚೀಟಿ ಬರೆದು ಸ್ಟಾರ್ಟರ್ ಕೀಲಿಗೆ ಕಟ್ಟಿ. ನಾನು ಒಂದು ವರ್ಷ ಚೀಟಿ ಬರೆದಿರಲಿಲ್ಲ. ಆ ಬಟ್ಟೆಯ ಅರ್ಧ ಭಾಗ ಗಾಳಿ ಪೈಪಿನೊಳಗೆ ಸಿಕ್ಕಿತು.